ಪಿತ್ತದ ಮನಿತನ

ನನಗ ಬಂದ ಜಡ್ಡಿಗೆ ಮೊದಲು ಬೈಸಿಕೊಂಡವರು ನಮ್ಮ ಮನಿಯವರು.

ನಾನು ಬೈಲಹೊಂಗಲದ ಬಾಜಾರದ ಹಿಂದಿನ ಓಣಿಯೊಳಗ ಜಂಪರ್ ಹೊಲಿಯಾಕಿ. ಹೆಸರು ಗಿರಿಜಾ. ಒಂದು ದಿನ ಬಾಜೂ ಮನಿ ಕಾಶವ್ವ ಅಳತಿ ಕೊಡಾಕ ಬಂದಾಕಿ, ನನ್ನ ತೋಳು ನೋಡಿ ಮಾತು ನಿಲ್ಲಿಸಿದ್ಲು. ಮೊಳಕೈ ಮ್ಯಾಲೆ ಅಂಗೈ ಅಗಲ ನೀಲಿ ಕಲಿ, ಅದರ ಕೆಳಗ ಹಳದಿಗೆ ತಿರಗಿದ್ದು ಇನ್ನೊಂದು.

“ಏನವಾ ಇದು?”

“ಮಶೀನಿಗೆ ತಾಗಿರಬೇಕು ಬಿಡವಾ.”

“ಮಶೀನಿಗೆ ಕೈ ಬಂದಾವೇನು?” ಅಂದ್ಲು.

ಮರುದಿನ ಮುಂಜಾನೆ ನೋಡಿದ್ರ ಓಣಿ ಹೆಂಗಸರು ನಮ್ಮ ಬಾಗಲದಾಗ. ನಮ್ಮ ಮನಿಯವರು, ಮಾದೇವ ಅಂತ, ಮಾರ್ಕೆಟ್ಟಿನ ಮಾಲು ಒಯ್ಯೋ ಟೆಂಪೋ ಹೊಡೀತಾರ. ಗಾಡಿ ಚಾಲೂ ಮಾಡಾಕ ನಿಂತವರನ್ನ ಕಾಶವ್ವ ಹಿಡದ ಬಿಟ್ಲು. “ನೋಡಾಕ ಆಕಳಂಗ ಅದೀ ಮಾದೇವಾ, ಮನ್ಯಾಗ ಹೇಣ್ತಿ ಮ್ಯಾಲೆ ಕೈ ಮಾಡತಿ ಏನು? ನಾಚಿಕಿ ಬರೂದಿಲ್ಲ?” ಅಂತ ಓಣಿ ಕೇಳುವಂಗ ಸುರು ಮಾಡಿದ್ಲು. ಸೊಳ್ಳಿ ಹೊಡಿಯಾಕೂ ಹಿಂದ ಮುಂದ ನೋಡೋ ಮನಿಶ್ಯಾ ಅವರು. ಚಾವಿ ಕೈಯಾಗ ಹಿಡಕೊಂಡು ನನ್ನ ಮಾರಿ ನೋಡಿದ್ರು. ನನಗ ನಗಿ ತಡಿಲಿಲ್ಲ. ಬಾಯಿ ತಗದು ನಕ್ಕೆ. ನಕ್ಕಾಗ ಹಲ್ಲಿನ ವಸಡಿಯಿಂದ ರಕ್ತ ಬಂದು ಗದ್ದಕ್ಕ ಇಳೀತು. ಆಮ್ಯಾಲೆ ಯಾರೂ ನಗಲಿಲ್ಲ, ಯಾರೂ ಬೈಯಲೂ ಇಲ್ಲ. ಕಾಶವ್ವನ ತನ್ನ ಸೆರಗಿಲೆ ನನ್ನ ಬಾಯಿ ಒರಿಸಿ, “ಗಾಡಿ ಚಾಲೂ ಮಾಡಪಾ, ದವಾಖಾನಿಗೆ ಹೋಗೂನು” ಅಂದ್ಲು.

ನಮ್ಮೂರ ಡಾಕ್ಟರು ರಕ್ತ ತಪಾಸಣಿ ಮಾಡಿಸಿ, ಚೀಟಿ ಎರಡು ಸರತಿ ಓದಿದ್ರು. “ರಕ್ತ ಕಡಿಮಿ ಐತಿ. ಹಂಗಂತ ಬರೇ ರಕ್ತ ಕಡಿಮಿ ಅಂತನೂ ಅಲ್ಲ. ಹೆದರೂದು ಬ್ಯಾಡ, ತಡಾನೂ ಮಾಡಬ್ಯಾಡ್ರಿ” ಅಂದ್ರು. ಅಡ್ಡಗ್ವಾಡಿ ಮ್ಯಾಲೆ ದೀಪ ಇಟ್ಟಂಗ ಮಾತು. ಬೆಳಗಾವಿಗೆ ಬರದು ಕೊಟ್ರು.

ಬೆಳಗಾವಿ ಆಸ್ಪತ್ರಿಯ ಬಾಕದ ಮ್ಯಾಲೆ ಕುಂತು ಕುಂತು ನನಗ ಒಂದು ಮಾತು ತಿಳೀತು. ಅಲ್ಲಿ ಯಾರೂ ಯಾರಿಗೂ ‘ನಿಮಗೇನಾಗೈತಿ’ ಅಂತ ಮೊದಲು ಕೇಳೂದಿಲ್ಲ. ‘ಯಾವೂರು’ ಅಂತ ಕೇಳತಾರ. ಊರು ಗೊತ್ತಾದಮ್ಯಾಲೆ ‘ನಾಷ್ಟಾ ಆತೇನು’ ಅಂತಾರ. ಜಡ್ಡಿನ ಮಾತು ಬರೂದು ಅದರ ಹಿಂದ. ಕಿತ್ತೂರಿನ ಒಬ್ಬಾಕಿ ಗಂಡನ್ನ ಕರಕೊಂಡು ಬಂದಾಕಿ, ಮೊದಲನೇ ದಿನನ ನನ್ನ ಕೈ ಹಿಡದು ಜಾಗಾ ಬದಲ ಮಾಡಿಸಿದ್ಲು. “ಇಲ್ಲಿ ಕುಂಡ್ರ್ರಿ ಅಕ್ಕಾರ. ಇಲ್ಲಿ ಗಾಳಿನೂ ಬರತೈತಿ, ಒಳಗ ಯಾರ ಹೆಸರು ಕರದ್ರು ಅಂತನೂ ಕೇಳತೈತಿ.” ಶೇಂಗಾ ಹಿಂಡಿ ಸವರಿದ ರೊಟ್ಟಿ ಸುರಳಿ ಮಾಡಿ ಕೈಯಾಗ ಇಟ್ಲು. ಆಕಿ ಹೆಸರೂ ನಾ ಕೇಳಲಿಲ್ಲ. ಆ ರೊಟ್ಟಿ ರುಚಿ ಮಾತ್ರ ಮರತಿಲ್ಲ.

ಸೊಂಟದ ಹಿಂದಿನ ಎಲುಬಿನೊಳಗ ಸೂಜಿ ಹಾಕಿ ತಪಾಸಣಿ ಮಾಡಿದ್ರು. ಹರೇದಾಗಿಂದ ಸೂಜಿ ಜೋಡಿನ ಸಂಸಾರ ಮಾಡಿದಾಕಿ ನಾನು. ಸೂಜಿ ಅಂದ್ರ ಏನು ಅಂತ ಅವತ್ತ ಗೊತ್ತಾತು. ಆಮ್ಯಾಲೆ ಡಾಕ್ಟರ್ ಬಾಯಿಯವರು ಹತ್ರ ಕುಂತು ಹೇಳಿದ್ರು. ಸಣ್ಣ ವಯಸ್ಸಿನ ಹೆಣ್ಮಗಳು, ರಾಮದುರ್ಗದ ಕಡೆಯವರು, ನಮ್ಮ ಮಾತ ಆಡತಿದ್ರು. “ಎಲುಬಿನೊಳಗ ರಕ್ತ ಹುಟ್ಟೋ ಜಾಗಾ ಇರತೈತಿ ಗಿರಿಜಾ ಅವರ. ನಿಮ್ಮದು ಖಾಲಿ ಆಗಾಕ ಹತ್ತೈತಿ. ಸದ್ಯಕ್ಕ ಮ್ಯಾಲಿಂದ ರಕ್ತ ಹಾಕತೇವಿ. ಖಾಯಂ ದಾರಿ ಅಂದ್ರ, ಒಡಹುಟ್ಟಿದವರದು ಹೊಂದಿತು ಅಂದ್ರ ಅವರ ಎಲುಬಿನೊಳಗಿಂದು ತಗದು ನಿಮಗ ಹಾಕೂದು.”

ಒಡಹುಟ್ಟಿದಾಕಿ ನನಗ ಒಬ್ಬಾಕಿನ. ನನ್ನ ತಂಗಿ ಶಾರದಾ. ಸವದತ್ತಿಗೆ ಕೊಟ್ಟೈತಿ. ಫೋನ್ ಮಾಡಿದ್ರ ಆಕಿ ‘ನೋಡತೇನಿ’ ಅನ್ನಲಿಲ್ಲ, ‘ಮನ್ಯಾಗ ಕೇಳತೇನಿ’ ಅನ್ನಲಿಲ್ಲ. “ಯಾವ ಬಸ್ಸಿಗೆ ಬರಲಿ?” ಅಂದ್ಲು. ಆಕಿ ರಕ್ತ ತಗದು ನೋಡಿದ್ರು. ಹೊಂದಿತು, ಪೂರ್ತಿ ಹೊಂದಿತು. ದೊಡವಾಡದಿಂದ ಬಂದಿದ್ದ ನಮ್ಮವ್ವ ಆಸ್ಪತ್ರಿ ಫರಸಿ ಮ್ಯಾಲೆನ ಹಣಿ ಹಚ್ಚಿ ಎಲ್ಲವ್ವಗ ಉಡಿ ತುಂಬತೇನಿ ಅಂತ ಹರಕಿ ಹೊತ್ಲು. ನನಗೂ ಜೀವದಾಗ ಜೀವ ಬಂತು. ನಾ ಉಳೀತೇನಿ ಅಂತ ಮೊದಲನೇ ಸರತಿ ಖರೇ ಅಂದ್ರ ಅವತ್ತ ಅನಸಿದ್ದು.

ಈಗ ನಮ್ಮ ಮನಿತನದ ಒಂದು ಗುಟ್ಟು ಹೇಳಬೇಕು. ಅದನ್ನ ಹೇಳಲಿಲ್ಲಂದ್ರ ಮುಂದಿಂದು ತಿಳಿಯೂದಿಲ್ಲ.

ನಮ್ಮಪ್ಪಗ ಇಪ್ಪತ್ತು ತುಂಬೂದರಾಗ ತಲಿ ಹತ್ತಿಯಂಗ ಬೆಳ್ಳಗಾಗಿತ್ತಂತ. ದೊಡವಾಡದಾಗ ನಮಗ ‘ಪಿತ್ತದ ಮನಿತನ’ ಅಂತನ ಹೆಸರು. ಪಿತ್ತ ಜಾಸ್ತಿ, ಅದಕ್ಕ ಕೂದಲಾ ಬೆಳ್ಳಗ, ಅಷ್ಟ. ಅಪ್ಪಗ ಆ ಬಿಳಿ ತಲಿಯಿಂದ ಲುಕ್ಸಾನ ಆಗಲಿಲ್ಲ, ಫಾಯದೇನ ಆತು. ಮೂವತ್ತರಾಗ ಊರಾಗ ಹಿರ್ಯಾ ಆದ. ಲಗ್ನದ ಮಾತುಕತಿಗೆ ಕರದು ಗಾದಿ ಮ್ಯಾಲೆ ಕುಂಡ್ರಸತಿದ್ರು, ಅವನಕಿಂತ ವಯಸ್ಸಾದವರು ‘ಹೆಂಗ ಮಾಡೂನ್ರಿ ಗೌಡ್ರ’ ಅಂತ ಅವನ ಬಾಯಿ ನೋಡತಿದ್ರು. ಆದ್ರ ಅಪ್ಪನ ತಂಗಿ ನೀಲವ್ವತ್ತಿಗೂ ಅದ ಬಿಳಿ ಕೂದಲಾ. ನೋಡಾಕ ಬಂದ ವರಗೋಳು ಚಹಾ ಕುಡದು ಎದ್ದು ಹೋದ್ರು. ಆಕಿಗೆ ಲಗ್ನ ಆಗಲಿಲ್ಲ. ಹರೇದಾಗನ ತೀರಿಕೊಂಡ್ಲು. ಗಂಡಸರ ಬಿಳಿ ತಲಿಗೆ ಗಾದಿ, ಹೆಂಗಸರ ಬಿಳಿ ತಲಿಗೆ ಮೂಲಿ. ಎಂಥಾ ನ್ಯಾಯ ನೋಡ್ರಿ!

ಇದನ್ನ ಕಂಡಿದ್ದ ನಮ್ಮವ್ವ ತನ್ನ ಹೆಣ್ಮಕ್ಕಳಿಗೆ ಹಂಗಾಗಬಾರದು ಅಂತ ಒಂದು ಕಟ್ಟಳಿ ಮಾಡಿದ್ಲು. ಅಮಾಸಿ ಹತ್ರ ಬಂತಂದ್ರ ಬಾಗಲಾ ಹಾಕಿ, ಹಳೇ ವಾಟಗಾದಾಗ ಕರೇ ಬಣ್ಣ ಕಲಸಿ, ಹಲ್ಲುಜ್ಜೋ ಬ್ರಶ್ಶಿಲೆ ನಮ್ಮಿಬ್ಬರ ತಲಿಗೂ ಹಚ್ಚತಿದ್ಲು. ಯಾರರ ಬಾಗಲಾ ಬಡದ್ರ ‘ಹುಡುಗ್ಯಾರು ಎಣ್ಣಿ ಹಚಗೊಂಡಾರ’ ಅಂತಿದ್ಲು. ಲಗ್ನ ಆದಮ್ಯಾಲೂ ಅದ ಕಟ್ಟಳಿ: ಗಂಡ ಹೊರಗ ಹೋದಾಗ ಹಚಗೋಬೇಕು, ಅತ್ತಿಗೆ ಸುಳುವು ಸಿಗಬಾರದು, ಡಾಕ್ಟರಾಗಲಿ ದೇವರಾಗಲಿ ಯಾರ ಮುಂದೂ ಬಾಯಿ ಬಿಡಬಾರದು. ನಮ್ಮ ಮನಿಯವರಿಗೆ ಲಗ್ನಾದ ಸ್ವಲ್ಪ ದಿನಕ್ಕನ ಗೊತ್ತಾತು. ನಕ್ಕು, ತಾವ ಅಂಗಡಿಯಿಂದ ಪಾಕೀಟು ತಂದು ಕೊಡಾಕ ಹತ್ತಿದ್ರು. ಶಾರದಾನ ಮನಿ ಮಾತು ಬ್ಯಾರೆ. ಆಕಿ ಅತ್ತಿ ಗಂಗವ್ವನ ಬಾಯಿ ಅಂದ್ರ ಸವದತ್ತಿ ಸಂತಿಯೊಳಗ ಕಾಯಿಪಲ್ಲೆ ಮಾರೋರು ಸುದ್ದಾ ಹೆದರತಾರ. ಬೀಗತಿ ಅಂದ್ರ ನಮ್ಮವ್ವಗ ಎದಿ ಡವಡವ.

ಎಲುಬಿನ ಕೆಲಸಕ್ಕ ತಯಾರಿ ನಡದಿತ್ತು. ಅಷ್ಟರಾಗ ನನಗ ಜ್ವರ ಬಂದು ವಾರ್ಡಿನ್ಯಾಗ ಬಿದ್ದೆ. ಬಾಳ ದಿನ ಬಿದ್ದೆ. ಅಮಾಸಿ ಬಂತು, ಹೋತು. ಬಣ್ಣ ಹಚ್ಚೋರು ಯಾರು? ಒಂದು ಮುಂಜಾನೆ ಡಾಕ್ಟರ್ ಬಾಯಿಯವರು ಕುತಗಿ ಹತ್ರ ಗಂಟು ಐತೇನಂತ ನೋಡಾಕ ಬಗ್ಗಿದವರು ಅಲ್ಲೇ ನಿಂತ ಬಿಟ್ರು. ಬೈತಲಿ ಎರಡೂ ಬಾಜೂ ಬುಡದಾಗ ಬೆಳ್ಳನ ಕೂದಲಾ ಎದ್ದಿತ್ತು.

“ಇದು ಯಾವಾಗಿಂದ?”

“ಹದಿನಾರರಿಂದ್ರಿ. ನಮ್ಮದು ಪಿತ್ತದ ಮೈ.”

“ಮನ್ಯಾಗ ಮತ್ಯಾರಿಗೆ?”

“ಅಪ್ಪಗ ಇತ್ರಿ. ದಮ್ಮು ಹತ್ತಿ ತೀರಿಕೊಂಡ. ಕಡೀಕಡೀಗೆ ನಾಕು ಹೆಜ್ಜಿ ನಡದ್ರ ಉಸಿರು ಸಿಗತಿರಲಿಲ್ಲ.”

ಅವರು ಚೀಟಿ ಮ್ಯಾಲೆ ಬರಕೊಂಡ್ರು. ಮಧ್ಯಾಹ್ನ ಎಲ್ಲಾರನ್ನೂ ಕರೀರಿ ಅಂದ್ರು. ಅವ್ವ ಇದ್ಲು, ಶಾರದಾ ಇದ್ಲು. ಜೋಡಿಗೆ ಗಂಗವ್ವನೂ ಬಂದಿದ್ಲು. “ಸೊಸಿ ಎಲುಬಿನಿಂದ ಏನೋ ತಗೀತಾರಂತ, ನಾ ಕಣ್ಣಿಲೆ ನೋಡದ ಬಿಡಾಕಿ ಅಲ್ಲ” ಅಂತ ಸಂಚಿ ಕಟಗೊಂಡು ಬಂದು ನನ್ನ ಕಾಲದೆಸಿ ಕುಂತಿದ್ಲು.

ಡಾಕ್ಟರ್ ಬಾಯಿಯವರು ಶಾರದಾನ ಕಡೆ ನೋಡಿ ಕೇಳಿದ್ರು, “ಇವರಿಗೂ ಸಣ್ಣ ವಯಸ್ಸಿನ್ಯಾಗ ಕೂದಲಾ ಬೆಳ್ಳಗಾಗಿದ್ವೇನು?”

ಶಾರದಾ ಬಾಯಿ ತಗಿಯೂದರಾಗ ಅವ್ವನ ಅಂದ್ಲು, “ಇಲ್ರಿ, ಇಲ್ಲ. ಆಕಿ ನನ್ನ ಹೋಲತಾಳ. ನೋಡ್ರಿ, ಹೆಂಗ ಕರ್ರಗ ಅದಾವ.”

ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿ ನೋಡಿಕೊಂಡಂಗ, ಶಾರದಾ ಸೆರಗು ತಲಿ ಮ್ಯಾಲೆ ಎಳಕೊಂಡ್ಲು. ನಾ ಮಾತಾಡಾಕ ಹೋದೆ. ಅವ್ವ ನನ್ನ ಕೈ ಅದುಮಿದ್ಲು, ಬರೋಬ್ಬರಿ ಸಲಾಯಿನ್ ಸೂಜಿ ಇದ್ದಲ್ಲೇ. ಕಣ್ಣಾಗ ನೀರು ಬಂತು. ಅವ್ವನ ಕಣ್ಣಾಗೂ ನೀರಿತ್ತು. ಆಕಿ ಸಂಕಟ ನನಗ ತಿಳಿದಿತ್ತು: ಒಬ್ಬ ಮಗಳ ಜೀವ, ಇನ್ನೊಬ್ಬ ಮಗಳ ಸಂಸಾರ. ಎರಡೂ ಉಳೀಬೇಕಂದ್ರ ಇದೊಂದು ಸುಳ್ಳು ಗಟ್ಟಿ ನಿಲ್ಲಬೇಕು. ಆಕಿ ಲೆಕ್ಕ ಅಷ್ಟ.

ಡಾಕ್ಟರ್ ಬಾಯಿಯವರು ಯಾರನ್ನೂ ಗದರಿಸಲಿಲ್ಲ. ಸ್ಟೂಲು ಎಳಕೊಂಡು ಕುಂತ್ರು. “ಗಿರಿಜಾ ಅವರ, ನೀವು ಜಂಪರ್ ಹೊಲೀತೀರಲ್ಲ, ಒಳಗ ಮಾರ್ಜಿನ್ ಅಂತ ಬಟ್ಟಿ ಬಿಡತೀರಿ. ಯಾಕ?”

“ಮುಂದ ಬಿಚ್ಚಿ ಹೊಲಿಯಾಕ ಬೇಕಲ್ರಿ. ಬಿಚ್ಚಿದಾಗೊಮ್ಮೆ ಅಂಚು ಎಳಿ ಬಿಡತೈತಿ, ಸ್ವಲ್ಪ ಕತ್ತರಸಬೇಕು.”

“ಮಾರ್ಜಿನ್ ಮುಗದಮ್ಯಾಲೆ?”

“ಮುಗದಮ್ಯಾಲೆ ಹೊಲಿಗಿ ನಿಲ್ಲೂದಿಲ್ರಿ. ಹಾಕಬಾರದು. ಜಂಪರನ ಹರೀತೈತಿ.”

“ಮೈಯೊಳಗೂ ಹಂಗ. ಜೀವಕೋಶ ಒಂದಿದ್ದದ್ದು ಎರಡಾಗತಾವ, ಹೊಸಾ ರಕ್ತ ಆಗತೈತಿ. ಅದರೊಳಗಿನ ದಾರದ ತುದಿಗೆ ಹಿಂಗ ಮಾರ್ಜಿನ್ ಇರತೈತಿ. ಟೆಲೊಮೀರ್ ಅಂತಾರ. ಪ್ರತಿ ಸರತಿ ಸ್ವಲ್ಪ ಸವೀತೈತಿ. ಎಲ್ಲಾರದೂ ಸವೀತೈತಿ, ಮುಪ್ಪು ಅಂದ್ರ ಅದೂ ಒಂದು ಕಾರಣ. ಕೆಲವು ಮನಿತನದಾಗ ಹುಟ್ಟುತಲೇ ಮಾರ್ಜಿನ್ ಕಡಿಮಿ. ವಯಸ್ಸು ಹರೇದ್ದು, ಒಳಗಿನ ಕೋಶಕ್ಕ ಮುಪ್ಪು. ಕೂದಲಾ ಮೊದಲು ಹೇಳತೈತಿ. ಆಮ್ಯಾಲೆ ಒಬ್ಬರಿಗೆ ರಕ್ತ, ಒಬ್ಬರಿಗೆ ಪುಪ್ಪುಸ, ಒಬ್ಬರಿಗೆ ಯಕೃತ್ತು.” ಆಮ್ಯಾಲೆ ಅವ್ವನ ಕಡೆ ತಿರಗಿ ಸಾವಕಾಶ ಅಂದ್ರು, “ತಂಗಿಗೂ ಇದ ಇದ್ರ, ಆಕಿದ ತಗದು ಅಕ್ಕಗ ಹಾಕಿದ್ರ ಅದು ಒಳಗ ಹಿಡಿಯೂದಿಲ್ಲವ್ವಾ. ಕೊಟ್ಟಾಕಿಗೂ ತ್ರಾಸು. ಇಬ್ಬರನ್ನೂ ಕಳಕೊಳ್ಳೂ ಹಂಗ ಆಗಬಾರದು, ಅದಕ್ಕ ಕೇಳಾಕ ಹತ್ತೇನಿ.”

ಅವ್ವ ನೆಲಾ ನೋಡಾಕ ಹತ್ತಿದ್ಲು.

ಶಾರದಾ ಸೆರಗು ಕೆಳಗ ಇಳಿಸಿದ್ಲು. “ನಂದೂ ಬೆಳ್ಳಗನ ಅದಾವ್ರಿ ಬಾಯಾರ. ಹದಿನೆಂಟರಿಂದ. ಇದು ಬಣ್ಣ” ಅಂದ್ಲು. ಅಂದು, ಅತ್ತಿ ಕಡೆ ನೋಡಲಿಲ್ಲ. ನೋಡೋ ಧೈರ್ಯ ನಮಗ್ಯಾರಿಗೂ ಇರಲಿಲ್ಲ.

ಗಂಗವ್ವ ಸಂಚಿಯಿಂದ ಎಲಿ ತಗದು, ನಾರು ಕಿತ್ತಿ, ಮತ್ತ ಸಂಚಿಯೊಳಗ ಇಟ್ಲು. “ಹುಚ್ಚಿ” ಅಂದ್ಲು, “ನಿನ್ನ ತಲಿದಿಂಬಿನ ಖೋಳಿ ಇಷ್ಟು ವರ್ಷ ಒಗದಾಕಿ ಯಾರಂತ ತಿಳದಿ? ಕರೇ ನೀರು ನಾ ನೋಡಿಲ್ಲೇನು? ತಾನಾಗಿ ಹೇಳತಾಳ, ಹೇಳತಾಳ ಅಂತ ಕಾದು ಕಾದು ನನಗ ಸಾಕಾಗಿತ್ತು.” ಆಮ್ಯಾಲೆ ನಮ್ಮವ್ವನ ಕಡೆ ತಿರಗಿದ್ಲು. “ಮತ್ತ ನೀವು ಬೀಗತಿಯವರ, ನನ್ನ ಮುಂದ ಮುಚ್ಚಿದ್ರಿ, ಬರೊಬ್ಬರಿ. ನನ್ನ ಬಾಯಿ ನನಗ ಗೊತ್ತೈತಿ. ಆದ್ರ ಡಾಕ್ಟರ ಮುಂದ ಯಾಕ ಮುಚ್ಚಿದ್ರಿ? ನನ್ನ ಸೊಸಿಗೆ ಏನರ ಆಗಿದ್ರ?”

ಅವ್ವ ಮಾರಿ ಮುಚಗೊಂಡು ಅಳಾಕ ಹತ್ತಿದ್ಲು. ಗಂಗವ್ವನ ಎದ್ದು ಹೋಗಿ ಬಾಜೂಕ ಕುಂತ್ಲು. ಅಳೂದು ನಿಂತಮ್ಯಾಲೆ ಅವ್ವ ತಾನಾಗಿನ ಡಾಕ್ಟರ್ ಬಾಯಿಯವರಿಗೆ ಹೇಳಿದ್ಲು, “ನೀಲವ್ವ ಅಂತ ನಮ್ಮ ನಾದಿನಿ ಇದ್ಲ್ರಿ. ಆಕಿ ಬಾಯಾಗೂ ಹಿಂಗ ರಕ್ತ ಬರತಿತ್ತು. ಮೈಯೆಲ್ಲಾ ನೀಲಿ ಕಲಿ. ಯಾರೋ ಮಾಟ ಮಾಡಿಸ್ಯಾರ ಅಂತ ನಿಂಬಿಹಣ್ಣು ಕೊಯ್ದು ಕೊಯ್ದು ಕಳದ್ವಿ.” ಆ ಮಾತು ನಾನು ಅವತ್ತ ಮೊದಲನೇ ಸರತಿ ಕೇಳಿದ್ದು.

ನಮ್ಮಿಬ್ಬರ ರಕ್ತ ದೂರದ ದೊಡ್ಡ ಊರಿಗೆ ಹೋತು. ಕಾಯೂದು ಬಾಳ ಕೆಟ್ಟ ಕೆಲಸ. ಸೂಜಿಗಿಂತ ಕೆಟ್ಟದ್ದು. ಸೂಜಿ ಚುಚ್ಚಿ ಮುಗೀತೈತಿ. ಫೋನ್ ಗುಣಗುಟ್ಟಿದ್ರ ಕೆಲಸಾ ಬಿಟ್ಟು ಓಡತಿದ್ದೆ. ನೋಡಿದ್ರ ಯಾರೋ ‘ಅಕ್ಕಾರ, ಫಾಲ್ ಹಚ್ಚಿದ್ರೇನು’ ಅಂತ ಕೇಳೋರು. ನಮ್ಮ ಮನಿಯವರು ಮಾತು ಕಮ್ಮಿ ಮಾಡಿ, ಕೆಲಸಾ ಜಾಸ್ತಿ ಮಾಡಿದ್ರು. ಮುಂಜಾನೆ ಎದ್ದು ರೊಟ್ಟಿ ಬಡಿಯಾಕ ಕಲತ್ರು. ಅವರ ರೊಟ್ಟಿ ಕರ್ನಾಟಕದ ನಕಾಶಿಯಂಗ ಇರತಿತ್ತು, ಆದ್ರ ಬಿಸಿ ಇರತಿತ್ತು. ಕಾಶವ್ವ ಅವರ ಹತ್ರ ತಪ್ಪಾತಪಾ ಅಂತ ಹೇಳಲಿಲ್ಲ, ದಿನಾ ಒಂದು ತಂಬಿಗಿ ಹಾಲು ತಂದು ಇಟ್ಟು ಹೋಗತಿದ್ಲು.

ಉತ್ತರಾ ಬಂತು. ನನ್ನ ಮಾರ್ಜಿನ್ ಗಿಡ್ಡ. ಶಾರದಾಂದೂ ಗಿಡ್ಡ. ಅಪ್ಪನಿಂದ ನಮ್ಮಿಬ್ಬರಿಗೂ ಇಳದು ಬಂದಿತ್ತು. ಆಕಿದು ನನಗ ಹಾಕೂ ಹಂಗಿಲ್ಲ.

ಶಾರದಾ ಆಸ್ಪತ್ರಿ ಮೆಟ್ಟಲಾ ಮ್ಯಾಲೆನ ಕುಂತು ಅತ್ಲು. ತನ್ನ ಸಲುವಾಗಿ ಅಲ್ಲ. “ಕೊಡಾಕ ಬಂದಿದ್ನಲ್ಲಕ್ಕಾ, ಕೊಡಾಕ ಆಗಲಿಲ್ಲ” ಅಂತ. ನಾ ಆಕಿ ತಲಿ ನೇವರಿಸಿದೆ. ನನಗೂ ಹೆದರಿಕಿ ಆಗಿತ್ತು, ಬಾಳ ಹೆದರಿಕಿ ಆಗಿತ್ತು. ಕೈಗೆ ಸಿಕ್ಕ ಹಗ್ಗ ಜಾರಿದಂಗ ಆಗಿತ್ತು.

ಡಾಕ್ಟರ್ ಬಾಯಿಯವರು ಹೊರಗಿನವರದು ಯಾರದರ ಹೊಂದತೈತೇನಂತ ಹುಡುಕಾಕ ಹೆಸರು ಹಚ್ಚಿದ್ರು. ಅಲ್ಲೀತನಕ ಅಂತ ಗುಳಿಗಿ ಸುರು ಮಾಡಿದ್ರು, ಗಂಡಸರ ಹಾರ್ಮೋನಿನ ಜಾತಿದು. “ಕೆಲವರಿಗೆ ರಕ್ತ ಏರತೈತಿ, ಕೆಲವರಿಗೆ ಇಲ್ಲ. ದನಿ ದಪ್ಪ ಆಗಬಹುದು, ಮೀಸಿ ಕೂದಲಾ ಬರಬಹುದು. ಯಕೃತ್ತಿನ ತಪಾಸಣಿ ಮಾತ್ರ ತಪ್ಪಿಸಬ್ಯಾಡ್ರಿ” ಅಂದ್ರು.

ಮೀಸಿನೂ ಬಂತು, ದನಿನೂ ಒಡೀತು. ಈಗ ನನಗ ಫೋನ್ ಮಾಡಿದವರು “ಅಣ್ಣಾರ, ಟೇಲರ್ ಅಕ್ಕಾರಿಗೆ ಕೊಡ್ರಿ” ಅಂತಾರ. ಮೊದಮೊದಲು ಅಳು ಬರತಿತ್ತು. ಈಗ “ಅಕ್ಕಾರು ಊಟಕ್ಕ ಕುಂತಾರ, ಏನ ಹೇಳ್ರಿ” ಅಂತೇನಿ. ನಮ್ಮ ಮನಿಯವರು ಕನ್ನಡಿ ಮುಂದ ನಿಂತು ತಮ್ಮ ಮೀಸಿ ತಿರವಿ, “ನೋಡೂನು, ಯಾರದು ದಪ್ಪ” ಅಂತ ಕಾಡತಾರ. ಆದ್ರ ರಕ್ತ ಏರಿತು. ಸಾವಕಾಶ ಏರಿತು. ಹೊರಗಿಂದ ರಕ್ತ ಹಾಕೂದು ಮೊದಲು ತಡಾ ಆತು, ಆಮ್ಯಾಲೆ ನಿಂತಿತು. ಪೂರಾ ಆರಾಮ ಅಂತ ಯಾರೂ ಅಂದಿಲ್ಲ, ನಾನೂ ಅನ್ನೂದಿಲ್ಲ. ತಪಾಸಣಿ ತಪ್ಪಿಲ್ಲ, ಜನದ ಗದ್ದಲದಾಗ ಹೋಗೂದು ಕಮ್ಮಿ ಮಾಡೇನಿ, ಕತ್ತರಿ ಹಿಡಿಯಾಗ ಹುಷಾರ ಇರತೇನಿ. ಹೊಲಿಗಿ ಮಾತ್ರ ಬಿಟ್ಟಿಲ್ಲ.

ನನಗ ಒಬ್ಬಾಕಿ ಮಗಳು, ಕಾಲೇಜಿಗೆ ಹೋಗತಾಳ. ಆಕಿಗೆ ಇಳದೈತೋ ಇಲ್ಲೋ ಗೊತ್ತಿಲ್ಲ. ಅರ್ಧಕ್ಕರ್ಧ ಅಂತಾರ ಡಾಕ್ಟರ್ ಬಾಯಿ. ಆಕಿನ ಕುಂಡ್ರಿಸಿ ಎಲ್ಲಾ ಹೇಳೇನಿ, ಮುಚ್ಚಿಲ್ಲ. “ಪರೀಕ್ಷಾ ಮುಗೀಲೆವಾ, ರಕ್ತ ತಪಾಸಣಿ ಮಾಡಸೂನು” ಅಂದಾಳ. ಆಕಿಗೆ ಹೆರಳು ಹಾಕುವಾಗ ನನ್ನ ಬಟ್ಟು ತಾವ ತಾವ ಬಿಳಿ ಕೂದಲಾ ಹುಡುಕತಾವ. ತಾಯಿ ಕರಳು, ಅದಕ್ಕ ಬುದ್ಧಿ ಹೇಳಾಕ ಆಗೂದಿಲ್ಲ.

ಇದನ್ನ ಬರೀ ಅಂದಾಕಿ ಶಾರದಾ. “ನಮ್ಮಂಥಾ ಮನಿತನ ಇನ್ನೂ ಇರಬಹುದಕ್ಕಾ. ಪಿತ್ತ ಅಂತ ಕುಂತಿರತಾರ. ಬಾಗಲಾ ಹಾಕ್ಕೊಂಡು ಬಣ್ಣ ಹಚ್ಚತಿರತಾರ. ಹಚ್ಚಲಿ, ಚಂದ ಕಾಣಲಿ. ಡಾಕ್ಟರ ಮುಂದರ ಬಾಯಿ ಬಿಡಲಿ” ಅಂದ್ಲು. ಆಕಿ ಆವಾಗಿಂದ ತಪ್ಪದ ತಪಾಸಣಿಗೆ ಹೋಗಾಕಿ. ಜೋಡಿಗೆ ಗಂಗವ್ವ ಹೊಂಟ ಹೊಂಟಾಳ. ಬಸ್ಸಿನ್ಯಾಗ ಸೀಟು ಹಿಡಿಯಾಕ ಆಕಿ ಬಾಯಿ ಬೇಕಲ್ಲ.

ಹೋದ ತಿಂಗಳಾ ತಪಾಸಣಿಯೊಳಗ ಶಾರದಾನ ರಕ್ತ ಇಳಿಯಾಕ ಹತ್ತಿದ್ದು ಕಂಡಿತು. ಮೈಮ್ಯಾಲೆ ಒಂದು ಕಲಿ ಇಲ್ಲ, ಸುಸ್ತಿಲ್ಲ, ಆಕಿಗೆ ಏನಂದ್ರ ಏನೂ ಗೊತ್ತಾಗಿಲ್ಲ. ಡಾಕ್ಟರ್ ಬಾಯಿಯವರು ಅವತ್ತ ಗುಳಿಗಿ ಸುರು ಮಾಡಿದ್ರು. “ಚಲೋ ಆತು, ಬಾಳ ಲಗೂನ ಸಿಕ್ಕೈತಿ. ನಿಮ್ಮಕ್ಕಂದು ಸಿಕ್ಕಾಗ ಬಾಳ ತಡಾ ಆಗಿತ್ತು” ಅಂದ್ರಂತ.

ಆಸ್ಪತ್ರಿ ಗೇಟಿನಿಂದನ ನನಗ ಫೋನ್ ಹಚ್ಚಿದ್ಲು. ಎಲ್ಲಾ ಹೇಳಿದ್ಲು. ಹಿಂದ ಬಸ್ಸಿನ ಹಾರ್ನು, ಗಂಗವ್ವ ಯಾರಿಗೋ ಬೈಯೂದು ಕೇಳತಿತ್ತು.

“ಅಕ್ಕಾ” ಅಂದ್ಲು ಶಾರದಾ, “ನಾ ನಿನಗ ಜೀವ ಕೊಡಾಕ ಅಂತ ಬಂದಿದ್ದೆ ನೋಡು. ನಾನ ತಗೊಂಡು ಹೋದೆ.”